ರೋಲರ್ ಒರೆಸೋ ರಬ್ಬರ್ ಪಟ್ಟಿಯ ಲೆಕ್ಕ

ಪುಸ್ತಕದ ಬಗ್ಗೆ ಬರೆಯೋರು ನಮ್ಮಲ್ಲಿ ಬಹಳ ಜನ ಇದ್ದಾರೆ. ಮುಖಪುಟ ಚೆನ್ನಾಗಿದೆ, ಬೆನ್ನುಡಿ ಉದ್ದವಾಯ್ತು, ಕಾಗದ ತೆಳುವಾಯ್ತು ಅಂತೆಲ್ಲ ಚರ್ಚೆ ಮಾಡ್ತೀವಿ. ಆದರೆ ಆ ಪುಸ್ತಕ ಅಚ್ಚಾದ ಮೇಲೆ ಮಷಿನ್ನಿನ ರೋಲರ್‌ಗಳನ್ನ ಯಾರು ತೊಳೆದರು, ಹೇಗೆ ತೊಳೆದರು ಅಂತ ಯಾರೂ ಕೇಳೋದಿಲ್ಲ. ಇವತ್ತು ಆ ತೊಳೆಯೋ ಕೆಲಸದ ಬಗ್ಗೆ, ಅದರಲ್ಲೂ ಒಂದು ರಬ್ಬರ್ ಪಟ್ಟಿಯ ಬಗ್ಗೆ ಬರೀಬೇಕು ಅನ್ನಿಸಿದೆ. ಇದೆಂಥಾ ಒಣ ವಿಷಯ ಅಂತ ಓಡಿಹೋಗಬೇಡಿ :-) ಇದರಲ್ಲಿ ಒಂದು ನ್ಯಾಯದ ಪ್ರಶ್ನೆ ಇದೆ.

ಆ ಪಟ್ಟಿಗೆ ಪ್ರೆಸ್ಸಿನಲ್ಲಿ ವಾಷಪ್ ಬ್ಲೇಡ್ ಅಂತಾರೆ. ಬ್ಲೇಡ್ ಅಂದ್ರೆ ಗಡ್ಡ ಹೆರೆಯೋದಲ್ಲ. ಕಾರಿನ ಗಾಜು ಒರೆಸೋ ವೈಪರ್ ನೋಡಿದೀರಲ್ಲ, ಹೆಚ್ಚೂಕಡಿಮೆ ಅದರ ಜಾತಿಯದೇ. ಮಷಿನ್ನಿನಷ್ಟು ಅಗಲಕ್ಕೆ, ಲೋಹದ ಪಟ್ಟಿಗೆ ಅಂಟಿಸಿದ ಒಂದು ರಬ್ಬರ್ ಅಥವಾ ಪ್ಲಾಸ್ಟಿಕ್ ಅಂಚು. ಅದರ ಕೆಳಗೆ ಒಂದು ಉದ್ದನೆಯ ಟ್ರೇ. ಅಷ್ಟೇ.

ಇದು ಯಾಕೆ ಬೇಕು ಅಂತ ಗೊತ್ತಾಗಬೇಕಾದ್ರೆ ಆಫ್‌ಸೆಟ್ ಮಷಿನ್ನಿನ ಒಳಗೆ ಸ್ವಲ್ಪ ಇಣುಕಬೇಕು. ಆಫ್‌ಸೆಟ್ ಇಂಕು ಫೌಂಟನ್ ಪೆನ್ನಿನ ಶಾಯಿಯ ಥರ ಹರಿಯೋ ಪದಾರ್ಥ ಅಲ್ಲ. ಜೇನಿಗಿಂತ ಗಟ್ಟಿ, ಬೆರಳಿಗೆ ಹತ್ತಿದರೆ ಸುಲಭಕ್ಕೆ ಬಿಡದ ಅಂಟು. ಅದನ್ನ ತೊಟ್ಟಿಯಿಂದ ತಗೊಂಡು, ಅರೆದು, ತೆಳ್ಳಗೆ ಮಾಡಿ ಪ್ಲೇಟಿಗೆ ಮುಟ್ಟಿಸಬೇಕು. ಅದಕ್ಕೆ ಒಂದೇ ಬಣ್ಣದ ಸಣ್ಣ ಮಷಿನ್ನಿನಲ್ಲೂ ಹತ್ತಕ್ಕಿಂತ ಹೆಚ್ಚು ರೋಲರ್‌ಗಳಿರುತ್ತವೆ. ಕೆಲವು ರಬ್ಬರಿನವು, ಕೆಲವು ಗಟ್ಟಿ ಮೈಯವು. ಗಟ್ಟಿ ಮೈಯವುಗಳಲ್ಲಿ ಕೆಲವು ತಿರುಗುತ್ತಲೇ ಎಡಕ್ಕೂ ಬಲಕ್ಕೂ ಸರಿದಾಡುತ್ತಾ ಇಂಕನ್ನ ಹರಡ್ತವೆ.

ಕೆಲಸ ಮುಗಿದಾಗ ಇಷ್ಟೂ ರೋಲರ್‌ಗಳ ಮೈತುಂಬ ಇಂಕು ಉಳಿದಿರುತ್ತೆ. ರಾತ್ರಿ ಹಾಗೇ ಬಿಟ್ಟರೆ ಗಾಳಿ ತಾಗಿ ಕೆನೆ ಕಟ್ಟಿ ಒಣಗುತ್ತೆ. ಬಣ್ಣ ಬದಲಾಯಿಸೋವಾಗಲಂತೂ ತೊಳೀಲೇಬೇಕು. ಕಪ್ಪು ಓಡಿಸಿದ ರೋಲರ್ ಮೇಲೆ ಸರಿಯಾಗಿ ತೊಳೆಯದೆ ಹಳದಿ ಹಾಕಿದ್ರೆ ಬರೋದು ಹಳದಿಯಲ್ಲ, ಸಗಣಿ ನೀರಿನ ಬಣ್ಣ. ದೊಡ್ಡ ಪ್ರೆಸ್ಸುಗಳಲ್ಲಿ ನಾಲ್ಕು ಬಣ್ಣಕ್ಕೆ ನಾಲ್ಕು ಯೂನಿಟ್ ಇರುತ್ತೆ, ಹೊಸ ಮಷಿನ್ನುಗಳಲ್ಲಿ ತೊಳೆಯೋ ಕೆಲಸವೂ ಬಟನ್ ಒತ್ತಿದರೆ ಆಗುತ್ತೆ. ಆದರೆ ಒಂದೇ ಬಣ್ಣದ ಹಳೇ ಮಷಿನ್ ಇಟ್ಟುಕೊಂಡು ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ ಮಾಡೋ ಪ್ರೆಸ್ಸಿನಲ್ಲಿ ಪ್ರತಿ ಬಣ್ಣಕ್ಕೂ ಅದೇ ರೋಲರ್‌ಗಳನ್ನ ತೊಳೀಬೇಕು. ಅಂದ್ರೆ ಪ್ರೆಸ್ಸು ಸಣ್ಣದಾದಷ್ಟೂ ತೊಳೆಯೋದು ಜಾಸ್ತಿ! ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಇರಲಿ, ನಿಮ್ಮೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಇರಲಿ, ಒಂದು ಬಣ್ಣದ ಮಷಿನ್ ಇದ್ದಲ್ಲೆಲ್ಲ ಇದೇ ಪಾಡು.

ತೊಳೆಯೋ ಕ್ರಮ ಹೀಗೆ. ಮಷಿನ್ ನಿಧಾನಕ್ಕೆ ಓಡಿಸಿ, ಮೇಲಿನ ರೋಲರ್‌ಗಳ ಮೇಲೆ ಬಾಟಲಿಯಿಂದ ತೊಳೆಯೋ ದ್ರಾವಣ ಚಿಮುಕಿಸ್ತಾರೆ. ಅದು ಎಲ್ಲ ರೋಲರಿಗೂ ಹರಡಿ ಇಂಕನ್ನ ತೆಳು ಮಾಡುತ್ತೆ. ಆಮೇಲೆ ತಿರುಪು ತಿರುಗಿಸಿ ಬ್ಲೇಡಿನ ಅಂಚನ್ನ ಸರಿದಾಡೋ ರೋಲರಿಗೆ ತಾಗಿಸ್ತಾರೆ. ರೋಲರ್ ತಿರುಗ್ತಾ ಇದ್ದ ಹಾಗೇ ಬ್ಲೇಡು ಕರಗಿದ ಇಂಕನ್ನ ಕೆರೆದು ಟ್ರೇಗೆ ಇಳಿಸುತ್ತೆ. ಆ ಒಂದು ರೋಲರ್ ಸ್ವಚ್ಛವಾದ್ರೆ ಪಕ್ಕದ್ದು ತನ್ನ ಇಂಕನ್ನ ಅದಕ್ಕೆ ಕೊಡುತ್ತೆ, ಅದರ ಪಕ್ಕದ್ದು ಇದಕ್ಕೆ. ಎರಡು ಮೂರು ಸಲ ಹೀಗೆ ಮಾಡಿದ್ರೆ ಎಲ್ಲ ಖಾಲಿ. ಕೈಯನ್ನ ರೋಲರ್ ಹತ್ತಿರ ಒಯ್ಯೋ ಅಗತ್ಯವೇ ಇಲ್ಲ. ಬಹಳ ಸರಳ, ಬಹಳ ಜಾಣ ಉಪಾಯ.

ಈ ಉಪಾಯದ ಗುಟ್ಟು ಇರೋದು ಬ್ಲೇಡು ಸವೆಯೋದರಲ್ಲಿ. ಎತ್ತಿನ ಗೊರಸಿಗೆ ಲಾಳ ಕಟ್ಟೋದು ಯಾಕೆ? ಗೊರಸಿನ ಬದಲು ಲಾಳ ಸವೆಯಲಿ ಅಂತ. ಹಾಗೆಯೇ ರೋಲರ್ ಸವೆಯಬಾರದು ಅಂತ ಬ್ಲೇಡನ್ನ ಮೆತ್ತಗೆ ಮಾಡಿರ್ತಾರೆ, ಬಿಚ್ಚಿ ಬೇರೆ ಹಾಕೋ ಹಾಗೆ ಮಾಡಿರ್ತಾರೆ. ಸವೆದ ಬ್ಲೇಡು ಕೆಟ್ಟುಹೋದ ಬ್ಲೇಡಲ್ಲ, ಕೆಲಸ ಮಾಡಿ ಮುಗಿಸಿದ ಬ್ಲೇಡು. ಅದನ್ನ ತೆಗೆದು ಹೊಸದು ಹಾಕಬೇಕು. ಇಲ್ಲಿಗೆ ಕಥೆ ಮುಗೀಬೇಕಿತ್ತು.

ಆದರೆ ಮುಗಿಯೋದಿಲ್ಲ. ಲಕ್ಷಗಟ್ಟಲೆ ಕೊಟ್ಟು ಮಷಿನ್ ತಂದಿರ್ತಾರೆ, ಬ್ಲೇಡ್ ಮಾತ್ರ “ಇನ್ನೊಂದು ಸ್ವಲ್ಪ ದಿನ ನಡೆಯುತ್ತೆ ಬಿಡೋ” ಅಂತ ಮುಂದಕ್ಕೆ ಹಾಕ್ತಾರೆ. ಅಂಚು ಹರಿದು, ಗಟ್ಟಿಯಾಗಿ, ಅಲ್ಲಲ್ಲಿ ಕಚ್ಚು ಬಿದ್ದ ಬ್ಲೇಡು ಇಂಕನ್ನ ಪೂರ್ತಿ ಕೆರೆಯೋದಿಲ್ಲ. ಕಚ್ಚು ಇದ್ದಲ್ಲೆಲ್ಲ ಗೆರೆ ಗೆರೆಯಾಗಿ ಇಂಕು ಉಳಿಯುತ್ತೆ. ಆಗ ಮಷಿನ್‌ಮನ್ ಏನು ಮಾಡ್ತಾನೆ? ಮೊದಲು ತಿರುಪು ಇನ್ನೂ ಬಿಗಿ ಮಾಡ್ತಾನೆ. ಅಂಚು ಮಡಚಿಕೊಂಡು ಇನ್ನಷ್ಟು ಹಾಳಾಗುತ್ತೆ. ರಬ್ಬರ್ ಪೂರಾ ಸವೆದಿದ್ರೆ ಹಿಂದಿನ ಲೋಹ ರೋಲರಿಗೆ ತಾಗಿ ಗೀರು ಬೀಳುತ್ತೆ. ಆಮೇಲೆ ಇನ್ನೂ ಎರಡು ಬಾಟಲಿ ದ್ರಾವಣ ಸುರೀತಾನೆ. ಅದಕ್ಕೂ ಬಗ್ಗದಿದ್ರೆ ಬನಿಯನ್ ಬಟ್ಟೆ ತಗೊಂಡು, ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ಅದ್ದಿ, ಕೈಯಲ್ಲೇ ಒರೆಸ್ತಾನೆ. ಕೆಲವೊಮ್ಮೆ ಮಷಿನ್ ಓಡ್ತಾ ಇರೋವಾಗಲೇ. ಎದುರುಬದುರು ತಿರುಗೋ ಎರಡು ರೋಲರ್‌ಗಳ ಸಂದಿಗೆ ಬಟ್ಟೆಯ ಒಂದು ತುದಿ ಸಿಕ್ಕಿದ್ರೆ ಸಾಕು, ಹಿಂದೆಯೇ ಬೆರಳೂ ಹೋಗುತ್ತೆ.

ನಾನು ಹೇಳಬೇಕು ಅಂದುಕೊಂಡ ಮಾತು ಇಷ್ಟೇ. ಬ್ಲೇಡ್ ಬದಲಾಯಿಸದೆ ಉಳಿಸಿದ ದುಡ್ಡು ನಿಜವಾಗಿ ಉಳಿದಿರೋದಿಲ್ಲ. ಆ ಖರ್ಚು ಮಾಲೀಕನ ಪುಸ್ತಕದಿಂದ ಮಷಿನ್‌ಮನ್ನಿನ ಮೈಗೆ ವರ್ಗಾವಣೆ ಆಗಿರುತ್ತೆ. ರಬ್ಬರ್ ಸವೆಯಬೇಕಾದ ಕಡೆ ಮನುಷ್ಯ ಸವೀತಾನೆ.

ಇದು ಭಾವುಕ ಮಾತು ಅನ್ನಿಸಿದ್ರೆ ಒಂದು ನಿಜ ಸಂಗತಿ ಹೇಳ್ತೀನಿ. ಜಪಾನಿನ ಒಸಾಕಾದಲ್ಲಿ ಆಫ್‌ಸೆಟ್ ಪ್ರೂಫ್ ತೆಗೆಯೋ ಒಂದು ಕಂಪನಿ ಇತ್ತು. ಅಲ್ಲಿ ಕೆಲಸ ಮಾಡಿದವರಲ್ಲಿ ಹಲವರಿಗೆ ಪಿತ್ತನಾಳದ ಕ್ಯಾನ್ಸರ್ ಬಂದಿದೆ ಅನ್ನೋದು 2012ರಲ್ಲಿ ಬಯಲಾಯ್ತು. ಸಾಮಾನ್ಯವಾಗಿ ಇಳಿವಯಸ್ಸಿನವರಿಗೆ ಅಪರೂಪಕ್ಕೆ ಬರೋ ಕಾಯಿಲೆ ಅದು. ಇಲ್ಲಿ ಇಪ್ಪತ್ತು, ಮೂವತ್ತು, ನಲವತ್ತರ ಹರೆಯದವರಿಗೆ ಬಂದಿತ್ತು. ಕೊನೆಗೆ ಲೆಕ್ಕ ಸಿಕ್ಕಿದ್ದು 17 ಜನ, ಅವರಲ್ಲಿ ಹಲವರು ಉಳಿಯಲಿಲ್ಲ. ಪ್ರೂಫ್ ಕೆಲಸದಲ್ಲಿ ಕೆಲವೇ ಪ್ರತಿ ತೆಗೆದು ಮತ್ತೆ ಮತ್ತೆ ಬಣ್ಣ ಬದಲಾಯಿಸಬೇಕು. ಹಾಗಾಗಿ ದಿನಕ್ಕೆ ನೂರಾರು ಸಲ ಬಟ್ಟೆಯಲ್ಲಿ ಇಂಕು ಒರೆಸ್ತಾ ಇದ್ದರು, ಗಾಳಿ ಸರಿಯಾಗಿ ಆಡದ ಕೋಣೆಯಲ್ಲಿ. ಒರೆಸೋಕೆ ಬಳಸ್ತಿದ್ದ ದ್ರಾವಣದಲ್ಲಿ 1,2-ಡೈಕ್ಲೋರೋಪ್ರೊಪೇನ್ ಅನ್ನೋ ರಾಸಾಯನಿಕ ಇತ್ತು. 2013ರಲ್ಲಿ ಜಪಾನ್ ಸರ್ಕಾರ ಇದನ್ನ ಕೆಲಸದಿಂದ ಬಂದ ಕಾಯಿಲೆ ಅಂತ ಒಪ್ಪಿಕೊಳ್ತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆ ರಾಸಾಯನಿಕವನ್ನ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸ್ತು.

ಅಲ್ಲಿ ಅವರು ಹೆಚ್ಚಾಗಿ ಒರೆಸ್ತಾ ಇದ್ದದ್ದು ಬ್ಲಾಂಕೆಟ್ಟನ್ನ, ಅಂದ್ರೆ ಪ್ಲೇಟಿನಿಂದ ಚಿತ್ರ ತಗೊಂಡು ಕಾಗದಕ್ಕೆ ಒತ್ತೋ ರಬ್ಬರ್ ಹಾಳೆಯನ್ನ. ನಮ್ಮ ಬ್ಲೇಡಿನ ಕಥೆಯೂ ಅದೂ ಒಂದೇ ಅಂತ ನಾನು ಹೇಳ್ತಾ ಇಲ್ಲ. ಸೀಮೆಎಣ್ಣೆಗೂ ಆ ರಾಸಾಯನಿಕಕ್ಕೂ ವ್ಯತ್ಯಾಸ ಇದೆ. ಆದರೆ ಪಾಠ ಒಂದೇ: ಇಂಕು ತೆಗೆಯೋ ದ್ರಾವಣದ ಹತ್ತಿರ ಕೈ, ಮೂಗು ಎಷ್ಟು ಕಡಿಮೆ ಹೊತ್ತು ಇರುತ್ತೋ ಅಷ್ಟು ಒಳ್ಳೇದು. ಸೀಮೆಎಣ್ಣೆ ಚರ್ಮದ ಎಣ್ಣೆಯನ್ನ ಹೀರಿ ಒಡೆಯೋ ಹಾಗೆ ಮಾಡುತ್ತೆ. ಪೆಟ್ರೋಲಿನಲ್ಲಿ ಬೆಂಜೀನ್ ಇರುತ್ತೆ, ಅದೂ ಅದೇ ಮೊದಲ ಗುಂಪಿನದು. ಮೇಲಾಗಿ ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು.

ಮಾಲೀಕರ ಮಾತನ್ನೂ ಕೇಳೋಣ. ಅವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಮೊಳೆ ಜೋಡಿಸಿ ಟ್ರೆಡಲ್ ತುಳಿದ ಕಾಲದಿಂದ ಬಂದ ಮನೆತನಗಳೂ ಇವೆ. ಆ ಮಷಿನ್ನಿನಲ್ಲಿ ಇದ್ದದ್ದೇ ಬೆರಳೆಣಿಕೆಯ ರೋಲರ್, ಬಟ್ಟೆಗೆ ಸೀಮೆಎಣ್ಣೆ ಹಾಕಿ ಒರೆಸಿದ್ರೆ ಮುಗೀತಿತ್ತು. ಆ ಅಭ್ಯಾಸವೇ ಆಫ್‌ಸೆಟ್ಟಿಗೂ ನಡೆದುಬಂತು. ಈಗಂತೂ ಬ್ಯಾನರೆಲ್ಲ ಫ್ಲೆಕ್ಸಿಗೆ ಹೋಯ್ತು, ಲಗ್ನಪತ್ರಿಕೆ ವಾಟ್ಸಾಪಿಗೆ ಹೋಯ್ತು, ಬಿಲ್ಲು ಕಂಪ್ಯೂಟರಿಗೆ ಹೋಯ್ತು. “ಕೆಲಸವೇ ಇಲ್ಲ, ಬ್ಲೇಡ್ ಎಲ್ಲಿಂದ ತರಲಿ” ಅಂದ್ರೆ ಸುಳ್ಳಲ್ಲ. ಹಳೇ ಮಷಿನ್ನಿಗೆ ಸರಿಯಾದ ಅಳತೆಯ ಬ್ಲೇಡ್ ಊರಲ್ಲಿ ಸಿಗೋದೂ ಇಲ್ಲ, ತರಿಸಬೇಕು.

ಅದಕ್ಕೇ ಹಳೇ ಟ್ಯೂಬ್ ಕತ್ತರಿಸಿ ಪಟ್ಟಿ ಮಾಡಿಕೊಳ್ಳೋಣ ಅಂತ ಹೊಳೆಯೋದು. ನಮ್ಮ ಜನರ ಕೈಚಳಕದ ಮೇಲೆ ನನಗೆ ಗೌರವ ಇದೆ. ಆದರೆ ಇಲ್ಲಿ ಅದು ನಡೆಯೋದಿಲ್ಲ, ಯಾಕಂದ್ರೆ ಟ್ಯೂಬಿನ ರಬ್ಬರ್ ಸೀಮೆಎಣ್ಣೆ, ಪೆಟ್ರೋಲ್ ಕುಡಿದು ಊದಿಕೊಳ್ಳುತ್ತೆ, ಮೆತ್ತಗಾಗಿ ಆಕಾರ ಕೆಡುತ್ತೆ. ಎಣ್ಣೆಗೆ ಜಗ್ಗದ ನೈಟ್ರೈಲ್ ರಬ್ಬರೋ ಪಾಲಿಯುರೆಥೇನೋ ಬೇಕು. ಅಂಚೂ ಉದ್ದಕ್ಕೂ ಒಂದೇ ನೇರಕ್ಕೆ ಇರಬೇಕು. ಕತ್ತರಿಯಲ್ಲಿ ಕತ್ತರಿಸಿದ್ದು ಹಾಗಿರೋದಿಲ್ಲ.

ಇನ್ನು ಮಾಲೀಕರ ಲೆಕ್ಕವನ್ನೇ ಅವರ ಕಡೆಯಿಂದ ನೋಡಿದ್ರೂ ಬ್ಲೇಡ್ ಹಾಕೋದೇ ಲಾಭ. ಸರಿಯಾಗಿ ತೊಳೆಯದ ರಬ್ಬರ್ ರೋಲರಿನ ಮೇಲೆ ಒಣಗಿದ ಇಂಕು, ಗೋಂದು, ಕಾಗದದ ಧೂಳು ಸೇರಿ ಗಾಜಿನ ಹಾಗೆ ಹೊಳಪು ಕಟ್ಟುತ್ತೆ. ಅಂಥ ರೋಲರ್ ಇಂಕು ಹಿಡಿಯೋದಿಲ್ಲ, ಅದಕ್ಕೆ ಹೊಸ ರಬ್ಬರ್ ಹಾಕಿಸಬೇಕು. ಆ ಖರ್ಚಿನ ಮುಂದೆ ಬ್ಲೇಡಿನದು ಏನೂ ಅಲ್ಲ. ಜೊತೆಗೆ ಹೆಚ್ಚು ದ್ರಾವಣ, ಹೆಚ್ಚು ಹೊತ್ತು, ಬಣ್ಣ ಕಲೆತು ಹಾಳಾದ ಕಾಗದ.

ಇದರ ಪಕ್ಕದಲ್ಲೇ ಇನ್ನೊಂದು ತಮಾಷೆ ಇದೆ. ಮನೆಯಲ್ಲಿರೋ ಇಂಕ್‌ಜೆಟ್ ಪ್ರಿಂಟರಿನ ಒಳಗೂ ಒಂದು ಪುಟ್ಟ ರಬ್ಬರ್ ವೈಪರ್ ಇರುತ್ತೆ, ಇಂಕು ಚಿಮ್ಮೋ ತೂತುಗಳನ್ನ ಒರೆಸೋಕೆ. ಸ್ವಚ್ಛ ಮಾಡೋವಾಗ ಹೊರಬಂದ ಇಂಕು ಒಳಗಿನ ಒಂದು ಸ್ಪಂಜಿಗೆ ಹೋಗಿ ಸೇರುತ್ತೆ. ಸ್ಪಂಜು ತುಂಬಿತು ಅಂತ ಪ್ರಿಂಟರಿಗೆ ಅನ್ನಿಸಿದ ದಿನ ಅದು ಕೆಲಸ ನಿಲ್ಲಿಸುತ್ತೆ. ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನ ನಾವೇ ಬದಲಾಯಿಸೋ ಹಾಗಿರಲಿಲ್ಲ. ಸರ್ವೀಸ್ ಸೆಂಟರಿಗೆ ಹೊತ್ತುಕೊಂಡು ಹೋಗು, ಇಲ್ಲ ಹೊಸದು ತಗೋ. ಈಚಿನ ಕೆಲವು ಮಾಡೆಲ್‌ಗಳಲ್ಲಿ ಮಾತ್ರ ಈ ತೊಟ್ಟಿಯನ್ನ ನಾವೇ ಎಳೆದು ಬೇರೆ ಹಾಕಬಹುದು. ರಿಪೇರಿ ನಮ್ಮ ಹಕ್ಕು ಅನ್ನೋ ಕೂಗು ಎದ್ದಿದ್ದು ಇಂಥವುಗಳಿಂದಲೇ. ಭಾರತ ಸರ್ಕಾರ ಕೂಡ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಿತು.

ಅಂದ್ರೆ ಒಂದು ಕಡೆ ಬದಲಾಯಿಸ್ತೀನಿ ಅಂದ್ರೂ ಬಿಡೋದಿಲ್ಲ. ಇನ್ನೊಂದು ಕಡೆ ಬದಲಾಯಿಸೋಕೆ ಅಂತಲೇ ಮಾಡಿ ಕೊಟ್ಟಿದ್ದಾರೆ, ನಾವು ಬದಲಾಯಿಸೋದಿಲ್ಲ. ಹಕ್ಕು ಕೇಳೋವಾಗ ಇರೋ ಜೋರು ಕೈಯಲ್ಲಿರೋ ಹಕ್ಕನ್ನ ಬಳಸೋವಾಗಲೂ ಇರಬೇಕಲ್ಲವೇ?

ಮಾಡಬೇಕಾದ್ದು ದೊಡ್ಡದೇನಿಲ್ಲ. ಬ್ಲೇಡನ್ನ ಬಿಡಿಭಾಗ ಅನ್ನೋ ಬದಲು ಇಂಕು, ಪ್ಲೇಟುಗಳ ಸಾಲಿಗೆ ಸೇರಿಸಿ, ಕೆಲಸದ ದರ ಹಾಕೋವಾಗಲೇ ಒಂದಿಷ್ಟು ಅದಕ್ಕೆ ಅಂತ ಎತ್ತಿಡಬೇಕು. ಹಾಕಿದ ತಾರೀಖನ್ನ ಟ್ರೇ ಮೇಲೆ ಬರೀಬೇಕು. ಇನ್ನೊಂದು ಬ್ಲೇಡ್ ಯಾವಾಗಲೂ ಕಪಾಟಿನಲ್ಲಿರಬೇಕು. ತೊಳೆದಾದ ತಕ್ಷಣ ಬ್ಲೇಡನ್ನೂ ಒರೆಸಬೇಕು, ಒಣ ರೋಲರಿಗೆ ತಾಗಿಸಿ ಓಡಿಸಬಾರದು, ಆಗ ಅದು ಬಾಳಿಕೆ ಬರುತ್ತೆ. ಕೈಗೆ ನೈಟ್ರೈಲ್ ಗ್ಲೌಸು, ಕಿಟಕಿಗೆ ಒಂದು ಎಕ್ಸಾಸ್ಟ್ ಫ್ಯಾನು, ಒರೆಸಿದ ಬಟ್ಟೆಗೆ ಮುಚ್ಚಳ ಇರೋ ತಗಡಿನ ಡಬ್ಬ. ಟ್ರೇಯಲ್ಲಿ ಸೇರಿದ ಕೊಳೆ ಇಂಕನ್ನ ಚರಂಡಿಗೆ ಸುರಿಯಬಾರದು. ಇಂಕಿನ ಕೆಸರು, ಬಳಸಿದ ದ್ರಾವಣಗಳು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲೇ ಇವೆ.

ಇದನ್ನೆಲ್ಲ ಬ್ಲಾಗಿನಲ್ಲಿ ಯಾಕೆ ಬರೆದೆ ಅಂದ್ರೆ, ನಮ್ಮಲ್ಲಿ ಹಲವರು ಬ್ಲಾಗಿನಿಂದ ಪುಸ್ತಕಕ್ಕೆ ಹೋದವರು, ಹೋಗಬೇಕು ಅಂತ ಇರೋರು. ಐನೂರು ಪ್ರತಿಗೆ ರೇಟು ಕೇಳಿ, ಇನ್ನೂ ಸ್ವಲ್ಪ ಕಡಿಮೆ ಮಾಡಿ ಸಾರ್ ಅಂತ ಚೌಕಾಸಿ ಮಾಡೋರು. ಆ ಕಡಿಮೆ ಎಲ್ಲಿಂದ ಕಡಿಮೆ ಆಗುತ್ತೆ? ಕಾಗದದ ಬೆಲೆ ಇಳಿಯೋದಿಲ್ಲ, ಇಂಕಿನದೂ ಇಳಿಯೋದಿಲ್ಲ. ಇಳಿಯೋದು ಇಂಥ ಕಣ್ಣಿಗೆ ಕಾಣದ ಜಾಗದಲ್ಲೇ. ಹಾಗಾಗಿ ಮುಂದಿನ ಸಲ ಪ್ರೂಫ್ ನೋಡೋಕೆ ಪ್ರೆಸ್ಸಿಗೆ ಹೋದಾಗ ಮಷಿನ್ ಹತ್ತಿರ ಒಂದು ನಿಮಿಷ ನಿಂತು, “ವಾಷಪ್ ಬ್ಲೇಡ್ ಯಾವಾಗ ಹಾಕಿದ್ದಣ್ಣಾ?” ಅಂತ ಮಷಿನ್‌ಮನ್ ಅಣ್ಣನ್ನ ಕೇಳಿ ನೋಡಿ. ಮಾಲೀಕರ ಕಿವಿಗೂ ಬೀಳೋ ಹಾಗೆ ಕೇಳಿ. ಗಿರಾಕಿಯೇ ಕೇಳಿದ್ರೆ ಆ ಮಾತಿಗೆ ತೂಕ ಜಾಸ್ತಿ.

ಏನಂತೀರಿ? ನಿಮ್ಮಲ್ಲಿ ಪ್ರೆಸ್ಸಿನ ಕೆಲಸ ಬಲ್ಲವರಿದ್ರೆ ದಯವಿಟ್ಟು ನಿಮ್ಮ ಊರಿನ ಸ್ಥಿತಿ ಬರೀರಿ.