ಸೋತ ಶಾಸಕ ಊರಲ್ಲೇ ಉಳಿದರೆ

ಹಾವೇರಿ ಜಿಲ್ಲೆಯ ಹತ್ತಿಮತ್ತೂರಿನ ಕಡೆ ಚುನಾವಣೆಯ ಮಾತು ಬಂದರೆ ಪಕ್ಕದ ಹಾನಗಲ್ಲಿನ ಬಗ್ಗೆ ಒಂದು ಆಕ್ಷೇಪ ಬಂದೇ ಬರುತ್ತದೆ: ‘ನಲವತ್ತು ವರ್ಷ ಇಬ್ಬರೇ. ಅವರು ಬಿಟ್ರ ಇವರು, ಇವರು ಬಿಟ್ರ ಅವರು. ಹೊಸಬರಿಗೆ ಜಾಗ ಎಲ್ಲಿತ್ರೀ?’ ಮಾತು ಸುಳ್ಳಲ್ಲ. 1978ರಿಂದ 2018ರವರೆಗಿನ ಹತ್ತು ವಿಧಾನಸಭಾ ಚುನಾವಣೆಗಳಲ್ಲಿ ನಾಲ್ಕನ್ನು ಮನೋಹರ ತಹಶೀಲ್ದಾರ್, ಆರನ್ನು ಸಿ.ಎಂ. ಉದಾಸಿ ಗೆದ್ದರು. ಮೂರನೆಯ ಹೆಸರೇ ಇಲ್ಲ. ಒಬ್ಬ ಹೆಣ್ಣುಮಗಳೂ ಆ ಪಟ್ಟಿಯಲ್ಲಿಲ್ಲ ಎಂಬುದು ದೊಡ್ಡ ಕೊರತೆ, ಅದನ್ನು ನಾನು ಸಮರ್ಥಿಸಲಾರೆ. ಆದರೂ ಇದನ್ನೆಲ್ಲ ಪ್ರಜಾಪ್ರಭುತ್ವದ ಸೋಲು ಎಂದುಬಿಡಲು ಮನಸ್ಸು ಒಪ್ಪುವುದಿಲ್ಲ.

ವರ್ಷಗಳನ್ನೇ ನೋಡಿ. 1978ರಲ್ಲಿ ತಹಶೀಲ್ದಾರ್, 1983 ಮತ್ತು 85ರಲ್ಲಿ ಉದಾಸಿ, 89ರಲ್ಲಿ ತಹಶೀಲ್ದಾರ್, 94ರಲ್ಲಿ ಉದಾಸಿ, 99ರಲ್ಲಿ ತಹಶೀಲ್ದಾರ್, 2004 ಮತ್ತು 08ರಲ್ಲಿ ಉದಾಸಿ, 13ರಲ್ಲಿ ತಹಶೀಲ್ದಾರ್, 18ರಲ್ಲಿ ಮತ್ತೆ ಉದಾಸಿ. ಸತತ ಮೂರನೇ ಸಲ ಯಾರಿಗೂ ಸಿಕ್ಕಿಲ್ಲ. ವಿಧಾನಸಭೆಯ ಉಪಾಧ್ಯಕ್ಷರಾಗಿದ್ದ ತಹಶೀಲ್ದಾರರನ್ನು 2004ರಲ್ಲಿ ಮನೆಗೆ ಕಳಿಸಿದ ಮತದಾರ, ಲೋಕೋಪಯೋಗಿ ಖಾತೆ ಕಂಡಿದ್ದ ಉದಾಸಿಯವರನ್ನು 2013ರಲ್ಲಿ ಕಳಿಸಿದ. ಎಂಬತ್ತು ದಾಟಿದ ಅದೇ ಉದಾಸಿಯವರನ್ನು 2018ರಲ್ಲಿ ವಾಪಸ್ ಕರೆದ. ಇದು ಕಣ್ಣುಮುಚ್ಚಿ ಹಾಕಿದ ಓಟಲ್ಲ.

ನನಗೆ ಮುಖ್ಯವಾಗಿ ಕಾಣುವುದು ನಡುವಿನ ಸೋಲಿನ ವರ್ಷಗಳು. ಗೆದ್ದ ಶಾಸಕನ ಕೈಯಲ್ಲಿ ಏನೆಲ್ಲ ಇರುತ್ತದೆ: ವರ್ಷಕ್ಕೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ, ಆಶ್ರಯ ಸಮಿತಿ, ಬಗರ್‌ಹುಕುಂ ಸಮಿತಿ, ತಾಲ್ಲೂಕು ಕೆಡಿಪಿ ಸಭೆ. ಮನೆ ಯಾರಿಗೆ, ಭೂಮಿ ಯಾರಿಗೆ ಎಂಬುದು ಬಹುಪಾಲು ಅಲ್ಲೇ ತೀರ್ಮಾನ. ಹಾಗಾಗಿ ‘ಆ ಕಡೆಯವ’ ಎನಿಸಿಕೊಂಡ ರೈತನ ಅರ್ಜಿ ಕೆಳಗೇ ಉಳಿಯುವುದು ಹಳ್ಳಿಯಲ್ಲಿ ಹೊಸದೇನಲ್ಲ. ಅವನು ಉತಾರ, ಬೆಳೆವಿಮೆ ರಸೀದಿ ಹಿಡಿದು ಬೆಳಿಗ್ಗೆ ಮಾಜಿ ಶಾಸಕರ ಪಡಸಾಲೆಗೆ ಬಂದು ಕೂರುತ್ತಾನೆ. ಅವರ ಹತ್ತಿರ ಕೊಡಲು ನಿಧಿಯಿಲ್ಲ, ಸಹಿ ಮಾಡಲು ಅಧಿಕಾರವಿಲ್ಲ. ಕಚೇರಿಗೆ ಒಂದು ಫೋನ್ ಮಾಡಬಹುದು, ಅಷ್ಟೇ. ಅಧಿಕಾರಿ ಆ ಫೋನ್ ಎತ್ತುತ್ತಾರೆ. ಮುಂದಿನ ಸಲ ಇವರೇ ಬಂದಾರು ಎಂಬುದು ಕಚೇರಿಗೆ ಗೊತ್ತು. ಮರಳಿ ಗೆಲ್ಲುವ ಸಾಧ್ಯತೆಯೇ ಸೋತವರ ಮಾತಿಗೆ ಬಲ. ಬಡವನಿಗೆ ಎರಡನೇ ಬಾಗಿಲೊಂದು ತೆರೆದಿರುವುದು ಹೀಗೆ.

ಇದೇ ಜಿಲ್ಲೆಯ ಶಿಗ್ಗಾವಿಯ ಚಿತ್ರ ಬೇರೆ: ಅಲ್ಲಿ 2008ರಿಂದ 2023ರವರೆಗೆ ನಾಲ್ಕೂ ಸಲ ಬಸವರಾಜ ಬೊಮ್ಮಾಯಿ ಗೆದ್ದರು. ಗೆದ್ದವರ ಸಾಮರ್ಥ್ಯದ ಬಗ್ಗೆ ನನ್ನ ತಕರಾರಿಲ್ಲ. ಒಂದೇ ಕಡೆ ಅಷ್ಟು ವರ್ಷ ಸೋತವರ ಫೋನಿಗೆ ಎಲ್ಲಿಯೇ ಆದರೂ ತೂಕ ಉಳಿಯುವುದು ಕಷ್ಟ ಎಂಬುದಷ್ಟೇ ನನ್ನ ಮಾತು.

ಪಕ್ಷಾಂತರದ ಪ್ರಶ್ನೆ ಇದ್ದೇ ಇದೆ. ಪಕ್ಷೇತರರಾಗಿ ಶುರು ಮಾಡಿದ ಉದಾಸಿ ಜನತಾ ಪರಿವಾರ, ಬಿಜೆಪಿ, ಕೆಜೆಪಿ ಸುತ್ತಿ ಮತ್ತೆ ಬಿಜೆಪಿಗೆ ಬಂದವರು. ತಹಶೀಲ್ದಾರ್ ಕೂಡ ಟಿಕೆಟ್ ತಪ್ಪಿದ ಮೇಲೆ ಕೊನೆಗೆ ಜೆಡಿಎಸ್ ಸೇರಿದರು. ಹಿರೇಕೆರೂರಿನಲ್ಲಂತೂ 2018ರಲ್ಲಿ ಕಾಂಗ್ರೆಸ್ಸಿನ ಬಿ.ಸಿ. ಪಾಟೀಲರು ಬಿಜೆಪಿಯ ಯು.ಬಿ. ಬಣಕಾರರನ್ನು 555 ಮತಗಳಿಂದ ಸೋಲಿಸಿದ್ದರು. 2023ರಲ್ಲಿ ಇಬ್ಬರೂ ಪಕ್ಷ ಅದಲುಬದಲಾಗಿ ಎದುರಾದರು, ಬಣಕಾರ್ ಗೆದ್ದರು. ಚಿಹ್ನೆ ನಂಬಿ ಓಟು ಹಾಕಿದವರಿಗೆ ಇದು ನೋವಿನ ಸಂಗತಿ, ಒಪ್ಪುತ್ತೇನೆ. ಆದರೆ ಅಲ್ಲಿಯೂ ಸೋತವರು ಕ್ಷೇತ್ರ ಬಿಟ್ಟು ಹೋಗಲಿಲ್ಲ.

ಉದಾಸಿ 2021ರ ಜೂನ್ 8ರಂದು ತೀರಿಕೊಂಡರು. ಅಕ್ಟೋಬರ್ 30ರ ಹಾನಗಲ್ ಉಪಚುನಾವಣೆಯ ಹೊತ್ತಿಗೆ ರಾಜ್ಯದಲ್ಲಿ ಬಿಜೆಪಿ ಸರ್ಕಾರ, ಮುಖ್ಯಮಂತ್ರಿ ಇದೇ ಹಾವೇರಿ ಜಿಲ್ಲೆಯ ಶಾಸಕ ಬೊಮ್ಮಾಯಿ. ಹಾಗಿದ್ದೂ ಕಾಂಗ್ರೆಸ್ಸಿನ ಶ್ರೀನಿವಾಸ ಮಾನೆ 7,373 ಮತಗಳಿಂದ ಗೆದ್ದರು. ಹೊರಗಿನವರು ಎಂಬ ಮಾತು ಹೊತ್ತೇ 2018ರಲ್ಲಿ ಸೋತಿದ್ದವರು, ಸೋತ ಮೇಲೂ ಹಾನಗಲ್ ಬಿಡದೆ ಕೋವಿಡ್ ಕಾಲದಲ್ಲಿ ಹಳ್ಳಿಹಳ್ಳಿ ತಿರುಗಿದವರು. ‘ಹೊಸಬರಿಗೆ ಜಾಗ ಎಲ್ಲಿ’ ಎಂದು ಕೇಳುವವರು ಈ ಗೆಲುವನ್ನು ಗಮನಿಸಬೇಕು. ಹಾನಗಲ್ ಹೊಸಬರನ್ನು ತಡೆಯಲಿಲ್ಲ. ಸೋತು ಉಳಿಯಬಲ್ಲ ಹೊಸಬರಿಗೆ ಕಾಯುತ್ತಿತ್ತು.

ಮುಂದಿನ ಸಲ ಓಟು ಕೇಳಲು ಬಂದವರನ್ನು ದಯವಿಟ್ಟು ಇದನ್ನೊಂದು ಕೇಳಿ: ಸೋತರೆ ನಿಮ್ಮ ಮನೆ ಯಾವ ಊರಲ್ಲಿರುತ್ತದೆ?