ಬೋಗುಣಿಗೆ ಕಲಾಯಿ

ನಮ್ಮ ಮನೆಯಲ್ಲಿ ತಾಯಿಯವರ ಕಾಲದ ಹಿತ್ತಾಳೆಯ ಬೋಗುಣಿಯೊಂದುಂಟು. ಕಳೆದ ತಿಂಗಳು ಸೊಸೆ ಅದನ್ನು ತೂಕಕ್ಕೆ ಹಾಕಲು ಹೊರಟಾಗ ನಾವು ಸಿಡುಕಿದೆವು. ‘ಮಾವನವರೇ, ಹುಣಸೆಯ ಸಾರು ಇದರಲ್ಲಿ ಕಿಲುಬಾಗುತ್ತದೆ’ ಎಂದಳು. ನಿಜವೇ. ಹುಳಿಯು ಹಿತ್ತಾಳೆಯೊಳಗಿನ ತಾಮ್ರವನ್ನು ಕರಗಿಸುತ್ತದೆ. ಅದನ್ನು ತಡೆಯುವ ತವರದ ಲೇಪ ಎಂದೋ ಸವೆದಿತ್ತು. ಪಾತ್ರೆಯನ್ನು ಹೊಗಳುತ್ತಲೇ ಬಂದ ನಾವು ಹತ್ತು ವರ್ಷ ಕಲಾಯಿ ಮಾಡಿಸಿರಲಿಲ್ಲ.

ಕಲಾಯಿಯವರನ್ನು ಅರಸಿ ಎರಡು ಪೇಟೆ ಅಲೆದೆವು. (ಸ್ಟೀಲು ಬಂದ ಮೇಲೆ ಅವರಿಗೆ ಕೆಲಸವೆಲ್ಲಿ?) ತವರವು 232 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುವುದರಿಂದ ಇದ್ದಿಲಿನ ಸಣ್ಣ ಒಲೆಯೇ ಸಾಕು. ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರ ಮುಟ್ಟಿಸಿ, ಅರಳೆಯಿಂದ ಒರೆಸಿದರು; ಒಳಮೈ ಬೆಳ್ಳಗಾಯಿತು.

ಸೋಮವಾರ ಅದರಲ್ಲಿಯೇ ಸಾರು ಕುದಿಯಿತು. ಮುಂದಿನ ಕಲಾಯಿಯ ತಿಂಗಳನ್ನು ಸೊಸೆ ಪಂಚಾಂಗದಲ್ಲಿ ಗುರುತಿಸಿಟ್ಟಿದ್ದಾಳೆ.