ಬಚ್ಚಲಿಗೆ ಸಣ್ಣ ಜಾಡಿ

ಮಡಲು, ಗೆರಟೆ ಉರಿಸಿ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದ ನಮ್ಮ ಮನೆಗಳಿಗೂ ಗ್ಯಾಸ್ ಗೀಸರ್ ಬಂದಿದೆ. 14.2 ಕಿಲೋದ ಅನಿಲ ಜಾಡಿ ಎತ್ತಲು ಕಷ್ಟ, 5 ಕಿಲೋದ್ದಾದರೆ ಹಗುರ ಎಂದು ಅದಕ್ಕೆ ಬದಲಾಯಿಸುವವರಿದ್ದಾರೆ. ತಪ್ಪೇನಿಲ್ಲ. ಆದರೆ ಹಗುರವೆಂದು ಅದನ್ನು ಬಚ್ಚಲೊಳಗೇ ತಂದಿಡುವುದು ಸರ್ವಥಾ ಕೂಡದು.

ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ಅದಕ್ಕಾದರೂ ವಾಸನೆಯಿದೆ. ಮುಚ್ಚಿದ ಕೋಣೆಯಲ್ಲಿ ಗೀಸರ್ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮೀಯಲು ಹೋದವರು ಬಾಗಿಲು ತೆರೆಯದೆ ಉಳಿದ ಸುದ್ದಿಗಳನ್ನು ನಾವು ಓದಿಲ್ಲವೇ? ಜಾಡಿಯೂ ಗೀಸರೂ ಹೊರಗಿರಲಿ, ಬಿಸಿನೀರಿನ ಕೊಳವೆ ಮಾತ್ರ ಒಳಗೆ ಬರಲಿ.

ಇನ್ನೊಂದು ಸಂಗತಿ. ಗೀಸರಿನ ಉರಿ ಒಲೆಗಿಂತ ಬಲು ಜೋರು. ಸಣ್ಣ ಜಾಡಿಯೊಳಗಿನ ದ್ರವ ಅಷ್ಟು ಬೇಗ ಆವಿಯಾಗುವಾಗ ಜಾಡಿ ತಣ್ಣಗಾಗಿ ಮೈ ಬೆವರುತ್ತದೆ, ಉರಿ ಕುಗ್ಗುತ್ತದೆ. ಗ್ಯಾಸ್ ಮುಗಿಯಿತೆಂದು ಜಾಡಿಯನ್ನು ಅಡ್ಡ ಮಲಗಿಸುವ ಜಾಣರಿದ್ದಾರೆ! ಮಲಗಿಸಿದರೆ ದ್ರವವೇ ಕೊಳವೆಗೆ ನುಗ್ಗಿ ಬೆಂಕಿ ಭುಗಿಲೆದ್ದೀತು. ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಸಾಕು. ದೊಡ್ಡ ಜಾಡಿಯಿಂದ ಸಣ್ಣದಕ್ಕೆ ಕಳ್ಳತನದಲ್ಲಿ ತುಂಬಿಸಿಕೊಡುವವರ ಕಡೆಗಂತೂ ಹೋಗಲೇಬಾರದು.

ಜೋಡಿಸಿದ ಮೇಲೆ ಸಾಬೂನು ನೊರೆ ಹಚ್ಚಿ ನೋಡಬೇಕು. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಕಡ್ಡಿ ಗೀರಿ ಪರೀಕ್ಷಿಸುವುದು ಬೇಡ.

ನಮ್ಮಲ್ಲಿಗೆ ಜೋಡಿಸಲು ಬಂದಾತ ಇವನ್ನೆಲ್ಲ ಮಲಯಾಳದಲ್ಲಿ ಗಡಬಡಿಸಿ ಹೇಳಿದ, ಮನೆಯವರು ತಲೆಯಾಡಿಸಿದರು. ಕೊಟ್ಟ ಕಾಗದದಲ್ಲಿ ಕನ್ನಡದ ಒಂದಕ್ಷರವಿರಲಿಲ್ಲ. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ಹೊರಬಂದು 1906ಕ್ಕೆ ಫೋನ್ ಮಾಡಿ ಎಂಬಿಷ್ಟನ್ನು ಅಜ್ಜಿಯೂ ಓದುವಂತೆ ಕನ್ನಡದಲ್ಲಿ ಅಚ್ಚು ಹಾಕಿಸಲು ವಿತರಕರಿಗೆ ಎಷ್ಟು ಖರ್ಚಾದೀತು?